ಕಂಪ್ಯೂಟರಿನ ಬಾಯಿ ಮುಚ್ಚಿಸಲು ಹೋಗಿ

ಬಾಯಿ ಮುಚ್ಚಿಸಲು ಕಷ್ಟವಾದ ಜೀವಿಗಳು ಲೋಕದಲ್ಲಿ ಬೇಕಾದಷ್ಟಿವೆ. ಅವುಗಳ ಸಾಲಿಗೆ ಕಂಪ್ಯೂಟರನ್ನೂ ಸೇರಿಸಬೇಕಾದೀತು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಕಂಪ್ಯೂಟರು ನನ್ನದು. ಅದನ್ನಿಟ್ಟ ಮೇಜು ನನ್ನದು. ಆ ಮೇಜಿದ್ದ ಮನೆಯಲ್ಲಿ ನಾನೊಬ್ಬ ಬಿಟ್ಟರೆ ಇನ್ನೊಂದು ನರಪಿಳ್ಳೆಯಿಲ್ಲ. ಅಂದಮೇಲೆ ಯಜಮಾನ ‘ಸುಮ್ಮನಿರು’ ಎಂದರೆ ಅದು ಸುಮ್ಮನಿರಲೇಬೇಕು, ಇದರಲ್ಲೇನು ಮಹಾ ಕಷ್ಟ ಎಂದುಕೊಂಡು, ಒಂದು ಬೆಳಿಗ್ಗೆ ರಾಹುಕಾಲ ಕಳೆದ ಮೇಲೆ ಈ ಸತ್ಕಾರ್ಯಕ್ಕೆ ಕೈಹಾಕಿದೆ.

ಅದಕ್ಕೆ ಮೊದಲು ನನ್ನ ಪರಿಚಯ ಆಗಬೇಕು. ನಾನು ಮೂಲದಲ್ಲಿ ಮೊಳೆ ಜೋಡಿಸುವವನು. ಗೋಡೆಗೆ ಹೊಡೆಯುವ ಮೊಳೆ ಅಲ್ಲ, ಅಚ್ಚಿನ ಮೊಳೆ; ಸೀಸದಲ್ಲಿ ಎರಕ ಹೊಯ್ದ ಅಕ್ಷರಗಳು. ಚಾಮರಾಜಪೇಟೆಯ ಒಂದು ಹಳೆಯ ಪ್ರೆಸ್ಸಿನಲ್ಲಿ ಯೌವನವನ್ನೆಲ್ಲ ನಿಂತುಕೊಂಡೇ ಕಳೆದೆ. ಜೊತೆಯವರಿಗೆಲ್ಲ ಒಬ್ಬೊಬ್ಬರಾಗಿ ಮದುವೆಯಾಗುತ್ತ ಹೋಯಿತು. ಅವರ ಲಗ್ನಪತ್ರಿಕೆಗಳನ್ನೆಲ್ಲ ನಾನೇ ಜೋಡಿಸುತ್ತ ಹೋದೆ. ‘ಚಿ||’ ಎಂಬ ಮೊಳೆಯ ಪಕ್ಕದಲ್ಲಿ ನನ್ನ ಹೆಸರನ್ನು ಕೂರಿಸುವ ಪ್ರಸಂಗ ಮಾತ್ರ ಬರಲಿಲ್ಲ. ಅಮ್ಮ ಇರುವ ತನಕ ಅಲ್ಲಿ ಇಲ್ಲಿ ಹೆಣ್ಣು ನೋಡಿದ್ದಾಯಿತು, ಉಪ್ಪಿಟ್ಟು ತಿಂದಿದ್ದಾಯಿತು. ಅಮ್ಮ ಹೋದ ಮೇಲೆ ನೋಡು ಎನ್ನುವವರೂ ಇಲ್ಲ, ತೋರಿಸುವವರೂ ಇಲ್ಲ. ಕೊನೆಗೆ ಸೀಸದ ಮೊಳೆಗಳ ಕಾಲವೂ ಮುಗಿಯಿತು. ಮಾಲೀಕರು ಮೊಳೆಗಳನ್ನು ತೂಕಕ್ಕೆ ಹಾಕಿ ಅದೇ ಜಾಗದಲ್ಲಿ ಮಕ್ಕಳ ಬಟ್ಟೆಯ ಅಂಗಡಿ ತೆರೆದರು.

ಆಗ ಊರೆಲ್ಲ ಕಂಪ್ಯೂಟರಿನದೇ ಮಾತು. ಎರಡು ಸಾವಿರದ ಇಸವಿಯ ಆಸುಪಾಸು. ನಾನೂ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಸೇರಿಸಿ ಕಂಪ್ಯೂಟರು ಕಟ್ಟಿಕೊಡುವ ಗಿರಿ ಎಂಬ ಮಹಾನುಭಾವನಿಂದ ಒಂದನ್ನು ಕಟ್ಟಿಸಿಕೊಂಡು, ವಠಾರದ ನನ್ನ ಒಂದೂವರೆ ಕೋಣೆಯಲ್ಲೇ ಲಗ್ನಪತ್ರಿಕೆ ಮಾಡಿಕೊಡಲು ಕುಳಿತೆ. ‘ತಾವು ಸಕುಟುಂಬ ಪರಿವಾರ ಸಮೇತರಾಗಿ ಆಗಮಿಸಿ’ ಎಂದು ದಿನಕ್ಕೆ ಹತ್ತು ಸಲ ಟೈಪು ಮಾಡುತ್ತಿದ್ದೆ. ನನಗೂ ಅಪರೂಪಕ್ಕೆ ಅಂಥ ಪತ್ರಿಕೆ ಬರುವುದುಂಟು. ಆಗ ಕುಟುಂಬವೂ ನಾನೇ, ಪರಿವಾರವೂ ನಾನೇ ಆಗಿ ಹೋಗಿ ಊಟ ಮಾಡಿ ಬರುತ್ತಿದ್ದೆ.

ಈ ಕಂಪ್ಯೂಟರಿನ ಜೊತೆ ಗಿರಿ ಎರಡು ಸ್ಪೀಕರುಗಳನ್ನೂ ಒಂದು ಮೈಕನ್ನೂ ಪುಕ್ಕಟೆಯಾಗಿ ಕೊಟ್ಟಿದ್ದ. ಲಗ್ನಪತ್ರಿಕೆ ಮಾಡುವವನಿಗೆ ಮೈಕು ಯಾಕೆ ಎಂದು ನಾನು ಕೇಳಲಿಲ್ಲ; ಪುಕ್ಕಟೆ ಬಂದದ್ದನ್ನು ಹಾಗೆಲ್ಲ ಪ್ರಶ್ನಿಸಬಾರದು. ಸ್ವಿಚ್ಚು ಒತ್ತಿ ಸ್ವಲ್ಪ ಹೊತ್ತು ಕಾದರೆ ಪರದೆಯಲ್ಲಿ ಬಣ್ಣ ಮೂಡುತ್ತಿತ್ತು. ಒಡನೆಯೇ ಆ ಸ್ಪೀಕರುಗಳಿಂದ ಢಂ ಎಂದು ಶುರುವಾಗಿ ಜುಂಯ್ ಎಂದು ಏರಿ ಇಳಿಯುವ ಒಂದು ನಾದ ಹೊರಡುತ್ತಿತ್ತು. ನಿಜ ಹೇಳಬೇಕೆಂದರೆ ನನಗದು ಇಷ್ಟವೇ ಆಗಿತ್ತು. ಬೆಳಿಗ್ಗೆ ಎದ್ದ ಮೇಲೆ ಮನೆಯೊಳಗೆ ನನ್ನದಲ್ಲದ ಒಂದು ದನಿ ಕೇಳುತ್ತದಲ್ಲ, ಅಷ್ಟರಿಂದಲೇ ಮನಸ್ಸಿಗೆ ಹಿತವಾಗುತ್ತಿತ್ತು.

ಗೋಡೆಯಾಚೆಯ ಮನೆ ಜಾನಕಮ್ಮನವರದು. ಗೋಡೆ ಎಂದರೆ ಒಂದೇ ಇಟ್ಟಿಗೆಯ ಗೋಡೆ. ಅವರು ಒಗ್ಗರಣೆ ಹಾಕಿದರೆ ನಾನು ಸೀನುತ್ತಿದ್ದೆ, ನಾನು ಸೀನಿದರೆ ಅವರು ಅಲ್ಲಿಂದಲೇ ‘ಚಿರಂಜೀವಿ’ ಎನ್ನುತ್ತಿದ್ದರು. ಮಾಡಿದ ಹುಳಿಯಲ್ಲಿ ಒಂದು ಸಣ್ಣ ಪಾತ್ರೆಯಷ್ಟನ್ನು ನನಗೆ ತಂದುಕೊಟ್ಟು, “ನಂಜುಂಡಣ್ಣ, ಇದ್ದೀರಾ?” ಎಂದು ಬಾಗಿಲಲ್ಲಿ ಕೂಗುವರು. ನಾನು ಇನ್ನೆಲ್ಲಿ ಹೋಗಲಿ! ಇದ್ದೇ ಇರುತ್ತಿದ್ದೆ. ಇಡೀ ದಿನದಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದ ಮನುಷ್ಯರೆಂದರೆ ಅವರೊಬ್ಬರೇ. ಹಾಗಾಗಿ ಹುಳಿಗೆ ಉಪ್ಪು ಹೆಚ್ಚಾಗಲಿ ಕಮ್ಮಿಯಾಗಲಿ ನಾನು ಚಕಾರವೆತ್ತುತ್ತಿರಲಿಲ್ಲ.

ಆ ವರ್ಷ ಅವರ ಮಗಳು ಸುಮಾ ಹೆರಿಗೆಗೆಂದು ತವರಿಗೆ ಬಂದಳು. ಮಗು ಹುಟ್ಟಿತು. ವಠಾರಕ್ಕೆಲ್ಲ ಸಕ್ಕರೆ ಹಂಚಿದರು, ನನಗೂ ಬಂತು. ಮಗುವಿಗೆ ಎಣ್ಣೆ ತಿಕ್ಕಿ ಎರೆಯಲು ಶಂಕರಪುರದ ಕಡೆಯಿಂದ ಒಬ್ಬಾಕೆ ಬರುತ್ತಿದ್ದಳು. ಕಾಲು ನೀಡಿ ಕುಳಿತು, ಮಗುವನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು, ಬಿಸಿನೀರು ಎರೆದು, ಸಾಂಬ್ರಾಣಿ ಹೊಗೆ ಹಾಕಿ, ಬಿಗಿಯಾಗಿ ಬಟ್ಟೆ ಸುತ್ತಿ ಸೀರೆಯ ಜೋಲಿಯಲ್ಲಿ ಹಾಕುವಳು. ಜೋಲಿಯ ಕೊಕ್ಕೆ ಕಿರ್ರ್ ಕಿರ್ರ್ ಎನ್ನುತ್ತಿದ್ದರೆ ಮಗು ಇನ್ನೂ ಮಲಗಿಲ್ಲ ಎಂದರ್ಥ. ಕೊಕ್ಕೆಯ ಸದ್ದು ನಿಂತರೆ ಇಡೀ ವಠಾರ ಪಿಸುಮಾತಿಗೆ ಇಳಿಯುತ್ತಿತ್ತು. ಎರೆದ ಮೇಲಿನ ನಿದ್ದೆಯನ್ನು ಕೆಡಿಸಬಾರದು, ಕೆಡಿಸಿದರೆ ಮಗು ಮೈಹಿಡಿಯುವುದಿಲ್ಲ ಎಂಬುದು ಹೆಂಗಸರ ಶಾಸ್ತ್ರ.

ಸರಿಯಾಗಿ ಆ ಹೊತ್ತಿಗೆ ನಾನು ಕಾಫಿ ಮುಗಿಸಿ, ದೇವರಿಗೆ ಕೈಮುಗಿದು, ಕಂಪ್ಯೂಟರಿನ ಸ್ವಿಚ್ಚು ಒತ್ತುತ್ತಿದ್ದೆ. ಢಂ! ಜುಂಯ್! ಮಗು ಕಿಟಾರನೆ ಕಿರಿಚುತ್ತಿತ್ತು. ಒಂದು ಸಲಕ್ಕೆ ಮುಗಿದರೆ ಸರಿ. ಆಗಿನ ಬೆಂಗಳೂರಿನಲ್ಲಿ ಕರೆಂಟು ಎಂಬುದು ಅಳಿಯನ ಹಾಗೆ. ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಕೇಳುವಂತಿರಲಿಲ್ಲ. ಹೋಗಿ ಬಂದಾಗಲೆಲ್ಲ ನನ್ನ ಕಂಪ್ಯೂಟರು ತನಗೆ ತಾನೇ ಹೊತ್ತಿಕೊಂಡು ಮತ್ತೆ ಢಂ ಎನ್ನುತ್ತಿತ್ತು.

ಜಾನಕಮ್ಮನವರು ಜಗಳಗಂಟಿಯಲ್ಲ. ಒಂದು ದಿನ ಕಿಟಕಿಯ ಹತ್ತಿರ ಬಂದು ಸಣ್ಣ ದನಿಯಲ್ಲಿ, “ಬೇಜಾರು ಮಾಡ್ಕೋಬೇಡಿ ನಂಜುಂಡಣ್ಣ. ನಿಮ್ಮ ಕಂಪ್ಯೂಟರ್ ಒಂದ್ಸಲ ಕೂಗಿದ್ರೆ ನಮ್ಮ ಮಗು ಮಧ್ಯಾಹ್ನದ ತನಕ ಕೂಗುತ್ತೆ. ಏನಾದ್ರೂ ಮಾಡಕ್ಕಾಗುತ್ತಾ ನೋಡಿ” ಎಂದರು. ನಾಳೆಯೊಳಗೆ ಅದರ ಹುಟ್ಟಡಗಿಸುತ್ತೇನೆ ಎಂದು ನಾನು ಮಾತು ಕೊಟ್ಟೆ. ಮಾರನೆಯ ದಿನ ಹುಳಿಯ ಪಾತ್ರೆ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಬಾಣಂತನದ ಮನೆ, ಕೆಲಸದ ಗಡಿಬಿಡಿ ಎಂದು ಸಮಾಧಾನ ಹೇಳಿಕೊಂಡೆ. ಆದರೆ ಸಮಾಧಾನ ಹೇಳಿಕೊಳ್ಳುವವನೂ ನಾನೇ, ಕೇಳಿಸಿಕೊಳ್ಳುವವನೂ ನಾನೇ ಆದ್ದರಿಂದ ಅದು ಹೆಚ್ಚು ದೂರ ಹೋಗಲಿಲ್ಲ. ಅಷ್ಟರಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕಿ ನಾಮಕರಣ ಮಾಡುವ ದಿನವೂ ಗೊತ್ತಾಯಿತು. ಎದುರು ಮನೆಯ ಪದ್ಮಾವತಿಯನ್ನು ಕುಂಕುಮ ಕೊಟ್ಟು ಕರೆದರಂತೆ. ಮೇಲಿನ ಮನೆಯವರನ್ನೂ ಕರೆದರಂತೆ. ನನ್ನ ಬಾಗಿಲಿಗೆ ಯಾರೂ ಬರಲಿಲ್ಲ. ಆ ಒಂದು ಮನೆಯ ಬಾಗಿಲು ನನ್ನ ಪಾಲಿಗೆ ಮುಚ್ಚಿಹೋದರೆ ಇಷ್ಟು ದೊಡ್ಡ ಬೆಂಗಳೂರಿನಲ್ಲಿ ತಟ್ಟಲು ನನಗೆ ಇನ್ನೊಂದು ಬಾಗಿಲಿಲ್ಲ ಎಂಬುದು ಆಗ ಹೊಳೆಯಿತು.

ಹೀಗೆ ಕಾರ್ಯಾಚರಣೆ ಆರಂಭವಾಯಿತು.

ಮೊದಲು ಸ್ಪೀಕರಿನ ಗುಂಡಿ. ಸದ್ದು ಏರಿಸಲು, ಇಳಿಸಲು, ಆರಿಸಲು ಇದ್ದದ್ದು ಅದೊಂದೇ ಗುಂಡಿ. ಅದನ್ನು ಎಡಕ್ಕೆ ತಿರುಗಿಸಬೇಕೋ ಬಲಕ್ಕೋ ಎಂದು ಧರ್ಮಸಂಕಟವಾಯಿತು. ಶುಭಕಾರ್ಯವೆಲ್ಲ ಬಲಗಡೆಯಿಂದಲೇ ಎಂದು ಬಲಕ್ಕೆ ಪೂರ್ತಿ ತಿರುಗಿಸಿದೆ. ಇನ್ನೂ ಸ್ವಲ್ಪ ಬಿಗಿಯಾಗಲಿ ಎಂದು ಒತ್ತಿ ತಿರುಗಿಸಿದೆ. ಗುಂಡಿ ಕೈಗೆ ಬಂತು. ಕಂಪ್ಯೂಟರು ಹಚ್ಚಿ ನೋಡಿದರೆ ಕಿಟಕಿಯ ಗಾಜು ಅದುರಿತು. ಅತ್ತ ಮಗು, ಇತ್ತ ಮೇಲಿನ ಮನೆಯ ನಾಯಿ, ಇಬ್ಬರೂ ಒಟ್ಟಿಗೆ ಶುರುವಿಟ್ಟುಕೊಂಡರು. ಬಲಗಡೆ ಎಂದರೆ ಸದ್ದು ಹೆಚ್ಚಿಸುವ ಕಡೆ ಎಂದು ಆಮೇಲೆ ಗೊತ್ತಾಯಿತು. ಗುಂಡಿಯನ್ನು ಮತ್ತೆ ಕೂರಿಸಲು ಹೋದರೆ ಅದು ಸುಮ್ಮನೆ ಗರಗರ ತಿರುಗುತ್ತಿತ್ತೇ ಹೊರತು ಸದ್ದು ಇಳಿಯುತ್ತಿರಲಿಲ್ಲ.

ಎರಡನೆಯದು ತಂತಿ ಕೀಳುವ ಉಪಾಯ. ಹಿಂದುಗಡೆ ಗಿರಿ ಹತ್ತಾರು ತಂತಿಗಳನ್ನು ಜಡೆ ಹೆಣೆದಂತೆ ಹೆಣೆದು ಟೇಪು ಸುತ್ತಿದ್ದ. ಮೇಜಿನಡಿ ನುಗ್ಗಿ, ದೇವರ ಮೇಲೆ ಭಾರ ಹಾಕಿ, ಒಂದನ್ನು ಹಿಡಿದು ಎಳೆದೆ. ಎಳೆದದ್ದು ಮೌಸಿನದು. ಪರದೆಯ ಮೇಲಿನ ಬಾಣ ನಿಂತಲ್ಲೇ ಕಲ್ಲಾಯಿತು, ಸದ್ದಿಗೆ ಏನೂ ಆಗಲಿಲ್ಲ. ಮತ್ತೆ ಸಿಕ್ಕಿಸಲು ಹೋಗಿ ಅದರ ಸೂಜಿಯಂಥ ಕಾಲುಗಳನ್ನು ಬಗ್ಗಿಸಿದೆ. ಗಿರಿಯೇ ಬಂದು ಚಿಮಟ ಹಿಡಿದು ನೆಟ್ಟಗೆ ಮಾಡಬೇಕಾಯಿತು. ಸ್ಪೀಕರಿನ ವಿಷಯ ಹೇಳಲು ನಾನು ಬಾಯಿ ತೆರೆಯುವ ಮೊದಲೇ ಅವನು, ಇನ್ನು ಮೇಲೆ ಹಿಂದುಗಡೆ ಕೈ ಹಾಕಿದರೆ ವಾರಂಟಿ ಗೋವಿಂದ ಎಂದು ಹೆದರಿಸಿ, ಕೈ ಹಾಕುವುದಿಲ್ಲವೆಂದು ನನ್ನಿಂದ ಪ್ರಮಾಣ ಮಾಡಿಸಿಕೊಂಡು ಸ್ಕೂಟರು ಹತ್ತಿಬಿಟ್ಟ.

ಮೂರನೆಯದಾಗಿ ಸ್ಪೀಕರುಗಳನ್ನು ಅಕ್ಕಿಯ ಖಾಲಿ ಡಬ್ಬದಲ್ಲಿಟ್ಟು, ತಂತಿಗೆ ಮಾತ್ರ ಸಂದು ಬಿಟ್ಟು, ಮುಚ್ಚಳ ಹಾಕಿದೆ. ಮೇಲೆ ಅಮ್ಮನ ಕಾಲದ ಒರಳುಗುಂಡನ್ನೂ ಹೇರಿದೆ. ತಗಡಿನ ಡಬ್ಬ. ಆ ಸಲದ ಢಂ ಎಂಬ ಶಬ್ದಕ್ಕೆ ಎದುರು ಮನೆಯ ಪದ್ಮಾವತಿ ಓಡಿಬಂದು, ಸಿಲಿಂಡರ್ ಏನಾದರೂ ಸಿಡಿಯಿತೇ ಎಂದು ವಿಚಾರಿಸಿದಳು. ಜಾನಕಮ್ಮನವರು ವಿಚಾರಿಸಲು ಬರಲಿಲ್ಲ. ಅವರ ಕಿಟಕಿ ಮೆಲ್ಲಗೆ ಮುಚ್ಚಿಕೊಂಡಿತು. ಅವರು ಬಂದು ನಾಲ್ಕು ಮಾತು ಬೈದಿದ್ದರೆ ನನಗೆ ಇಷ್ಟು ಬೇಸರವಾಗುತ್ತಿರಲಿಲ್ಲ.

ಕೊನೆಗೆ ಸ್ಪೀಕರುಗಳನ್ನು ಡಬ್ಬದಿಂದ ತೆಗೆದು ಮೇಜಿನ ಮೇಲಿಟ್ಟು, ಮೂಲೆಯ ದಿನಸಿ ಅಂಗಡಿಯ ಫೋನಿನಿಂದ ಗಿರಿಯನ್ನೇ ಕೇಳಿದೆ. ಅವನು ನಕ್ಕು, ಇದಕ್ಕೆಲ್ಲ ಯಾಕೆ ಇಷ್ಟು ಒದ್ದಾಟ, ಕಂಪ್ಯೂಟರಿನೊಳಗೇ ಸದ್ದುಗಳ ಒಂದು ಜಾಗ ಇದೆ, ಅಲ್ಲಿ ಶುರುವಾಗುವಾಗಿನ ಸದ್ದಿನ ಎದುರಿಗೆ ಯಾವ ಸದ್ದೂ ಬೇಡ ಎಂದು ಆರಿಸಿಬಿಡಿ, ಮುಗಿಯಿತು ಎಂದು ದಾರಿ ಹೇಳಿದ. ಹೇಳಿದ ದಾರಿಯಲ್ಲೇ ಹೋದೆ. ಜಾಗ ಸಿಕ್ಕಿತು. ‘ಯಾವುದೂ ಇಲ್ಲ’ ಎಂಬ ಅರ್ಥದ ಇಂಗ್ಲಿಷ್ ಪದವೂ ಸಿಕ್ಕಿತು. ಅದರ ಮೇಲೆ ಒಂದು ಸಲ ಬೆರಳು ಒತ್ತಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಒತ್ತಲಿಲ್ಲ. ನನ್ನೊಳಗಿನ ಮೊಳೆ ಜೋಡಿಸುವವನು ಎದ್ದು ಕುಳಿತ.

ಅಚ್ಚಿನ ಕೆಲಸ ಗೊತ್ತಿಲ್ಲದವರು ಒಂದು ವಿಷಯ ತಿಳಿಯಬೇಕು. ಕಾಗದದ ಮೇಲೆ ಎರಡು ಪದಗಳ ನಡುವೆ ಕಾಣುವ ಖಾಲಿ ಜಾಗ ಇದೆಯಲ್ಲ, ಅದು ನಮ್ಮ ಕೆಲಸದಲ್ಲಿ ಖಾಲಿಯಲ್ಲ. ಅಲ್ಲೂ ಸೀಸದ ಒಂದು ತುಂಡು ಇರುತ್ತದೆ. ಮೇಲೆ ಅಕ್ಷರವಿರುವುದಿಲ್ಲ, ಅಷ್ಟೇ. ಅದನ್ನು ಕೂರಿಸದೆ ಬಿಟ್ಟರೆ ಸಾಲು ಸಡಿಲವಾಗಿ, ಚೌಕಟ್ಟು ಎತ್ತಿದೊಡನೆ ಇಡೀ ಪುಟದ ಮೊಳೆಗಳು ಬುಳಬುಳನೆ ನೆಲಕ್ಕೆ ಉದುರುತ್ತವೆ. ‘ಬರೀ ಜಾಗ ಅಂತ ಖಾಲಿ ಬಿಡಬೇಡ್ರೋ’ ಎಂದು ನಮಗೆ ಕೆಲಸ ಕಲಿಸಿದ ಹಿರಿಯರು ತಲೆಗೆ ಮೊಟಕಿ ಮೊಟಕಿ ಹೇಳಿದ್ದರು. ಈ ಗಿರಿ ನಿನ್ನೆ ಮೊನ್ನೆಯವನು, ಅವನಿಗೇನು ಗೊತ್ತು! ಸದ್ದಿದ್ದ ಜಾಗದಲ್ಲಿ ಏನೂ ಇಡದೆ ಬಿಟ್ಟರೆ ಇಡೀ ಕಂಪ್ಯೂಟರು ಸಡಿಲವಾಗಿ, ನಾನು ಮಾಡಿಟ್ಟ ಲಗ್ನಪತ್ರಿಕೆಗಳ ವಧೂವರರೆಲ್ಲ ಒಬ್ಬರ ಮೇಲೊಬ್ಬರು ಉದುರಿದರೆ? ಆದ್ದರಿಂದ ಅಲ್ಲಿ ಖಾಲಿ ಸದ್ದಿನ ಒಂದು ತುಂಡನ್ನೇ ಕೂರಿಸುವುದು ಸರಿಯಾದ ಕ್ರಮ ಎಂದು ತೀರ್ಮಾನಿಸಿದೆ. ಅಂದರೆ, ಮೌನವನ್ನು ರೆಕಾರ್ಡ್ ಮಾಡಬೇಕು! ಪುಕ್ಕಟೆ ಬಂದ ಮೈಕಿಗೆ ಈಗ ಕೆಲಸ ಬಂತಲ್ಲ ಎಂದು ಖುಷಿಯಾಯಿತು.

ಕಂಪ್ಯೂಟರಿನಲ್ಲಿ ಒಂದು ನಿಮಿಷದಷ್ಟು ಧ್ವನಿ ಹಿಡಿಯುವ ಏರ್ಪಾಡಿತ್ತು. ಆದರೆ ಚಾಮರಾಜಪೇಟೆಯ ವಠಾರದಲ್ಲಿ ಒಂದು ನಿಮಿಷದ ಮೌನ ಎಲ್ಲಿಂದ ತರೋಣ? ಮೊದಲ ಸಲ ಸೊಪ್ಪಿನವಳು ಬಂದಳು. ಎರಡನೆಯ ಸಲ ಯಾರದೋ ಕುಕ್ಕರು ಸೀಟಿ ಹೊಡೆಯಿತು. ಇನ್ನೊಂದು ಸಲ ನಲ್ಲಿಯಲ್ಲಿ ನೀರು ಬಂತೆಂದು ಬಿಂದಿಗೆಗಳೆಲ್ಲ ಓಡಿದವು. ಛಲ ಬಿಡದೆ ಕಾದೆ. ಊಟ ಮುಗಿದು ವಠಾರಕ್ಕೆಲ್ಲ ಜೋಂಪು ಹತ್ತಿದ ಒಂದು ಮಧ್ಯಾಹ್ನ, ಮೈಕನ್ನು ಮೇಜಿನ ಮೇಲೆ ನಿಲ್ಲಿಸಿ, ಗುಂಡಿ ಒತ್ತಿ, ಸುಖಾಸನ ಹಾಕಿ ಕಣ್ಣು ಮುಚ್ಚಿ ಕುಳಿತೆ. ಎಂಥ ಮೌನ! ಕಾಗೆ ಕೂಡ ಕೂಗಲಿಲ್ಲ. ಕಣ್ಣು ತೆರೆದಾಗ ನಿಮಿಷ ತುಂಬಿತ್ತು. ಆ ಮೌನವನ್ನು ಹುಷಾರಾಗಿ ಎತ್ತಿ ಹಳೆಯ ಸದ್ದಿನ ಜಾಗದಲ್ಲಿ ಕೂರಿಸಿದೆ.

ಒಂದು ಸಲ ಹಾಕಿ ಕೇಳಬಾರದಿತ್ತೇ ಎಂದು ನೀವು ಕೇಳಬಹುದು. ಮೌನವನ್ನು ಕೇಳುವುದೇನಿದೆ ಸ್ವಾಮಿ? ಅಲ್ಲದೆ ಸ್ಪೀಕರಿನ ಗುಂಡಿ ಕಿತ್ತುಹೋಗಿ ಸದ್ದು ಗರಿಷ್ಠ ಮಟ್ಟದಲ್ಲಿ ನಿಂತಿದೆ. ಅತ್ತ ಮಗು ಮಲಗಿದೆ. ಪರೀಕ್ಷೆ ಮಾಡುವ ನೆಪದಲ್ಲಿ ಮತ್ತೆ ಎಬ್ಬಿಸುವಷ್ಟು ಅವಿವೇಕಿ ನಾನಲ್ಲ.

ಮಾರನೆಯ ಬೆಳಿಗ್ಗೆ ಸಾಂಬ್ರಾಣಿಯ ಹೊಗೆ ಗೋಡೆ ದಾಟಿ ಬಂತು. ಕೊಕ್ಕೆ ಕಿರ್ರೆಂದಿತು, ನಿಧಾನವಾಯಿತು, ನಿಂತಿತು. ನಾನು ಯುದ್ಧ ಗೆದ್ದ ಸೇನಾಪತಿಯ ಠೀವಿಯಲ್ಲಿ ಸ್ವಿಚ್ಚು ಒತ್ತಿದೆ. ಪರದೆಯಲ್ಲಿ ಬಣ್ಣ ಮೂಡಿತು. ಢಂ ಇಲ್ಲ. ಜುಂಯ್ ಇಲ್ಲ. ‘ಭಲೇ’ ಎಂದುಕೊಳ್ಳುವಷ್ಟರಲ್ಲಿ ಸ್ಪೀಕರಿನಿಂದ ಒಬ್ಬ ಗಂಡಸು ಇಡೀ ವಠಾರಕ್ಕೆ ಕೇಳುವ ಹಾಗೆ ಮಾತಾಡತೊಡಗಿದ.

“ಸದ್ದು ಮಾಡ್ಬೇಡ ಕಣೋ. ಇಲ್ಲಪ್ಪ, ಎಲ್ಲಿ ಮಾಡ್ತಿದೀನಿ? ... ಊಟಕ್ಕೇನು ಮಾಡಿದ್ದೆ? ಅನ್ನ ಮಜ್ಜಿಗೆ. ನಿನ್ನೇನೂ ಅದೇ ಅಲ್ವಾ? ಒಬ್ಬನಿಗೆ ಇನ್ನೇನು ಮಾಡ್ಕೊಳ್ಳೋದು, ಬಿಡು. ... ನಾಮಕರಣಕ್ಕೆ ಕರೀತಾರೆ ಅಂತೀಯಾ? ಪಕ್ಕದ ಮನೆಯವ್ರು, ಕರೀದೆ ಇರ್ತಾರಾ? ಎಲ್ರನ್ನೂ ಕರೆದಾಯ್ತಂತಲ್ಲ. ನಮ್ಮನ್ನೂ ಕರೀತಾರೆ, ತಡಿ. ... ಕರೀದಿದ್ರೆ? ಕರೀದಿದ್ರೆ ಆವತ್ತು ಬೀಗ ಹಾಕ್ಕೊಂಡು ಎಲ್ಲಾದ್ರೂ ಹೋಗ್ಬಿಡೋಣ. ಮನೇಲೇ ಕೂತಿದ್ರೆ ಅವ್ರಿಗೂ ಮುಜುಗರ. ... ಕರೆದ್ರೆ ಆ ಬಿಳಿ ಷರ್ಟು ಇಸ್ತ್ರಿ ಮಾಡಿಸ್ಬೇಕು. ಹೂಂ, ಮಾಡ್ಸೋಣ.”

ದನಿ ನನ್ನದೇ. ಪ್ರಶ್ನೆ ಕೇಳಿದವನೂ ನಾನೇ, ಉತ್ತರ ಕೊಟ್ಟವನೂ ನಾನೇ. ಕಣ್ಣು ಮುಚ್ಚಿ ಮೌನವಾಗಿ ಕುಳಿತಿದ್ದೇನೆಂದು ನಾನು ಭ್ರಮಿಸಿದ್ದ ಅಷ್ಟು ಹೊತ್ತೂ ಈ ಸಂಭಾಷಣೆ ನಡೆದಿತ್ತು! ಎಷ್ಟು ವರ್ಷದಿಂದ ಹೀಗೆ ಮಾತಾಡುತ್ತಿದ್ದೇನೋ ಆ ದೇವರೇ ಬಲ್ಲ. ಗೋಡೆ ಒಂದಿಟ್ಟಿಗೆಯದಾದರೂ ನಾನು ಮೆಲ್ಲಗೆ ಗೊಣಗುತ್ತಿದ್ದೆನಾದ್ದರಿಂದ ಯಾರಿಗೂ ಕೇಳಿಸಿರಲಿಲ್ಲ, ನನಗೂ ಕೇಳಿಸಿರಲಿಲ್ಲ. ಈಗ ಕೇಳಿಸಿತು. ಸ್ಪೀಕರುಗಳನ್ನು ಎರಡೂ ಕೈಯಲ್ಲಿ ತಬ್ಬಿಕೊಂಡೆ. ಮಾತು ನನ್ನ ಕಂಕುಳಿನಿಂದ ಹೊರಟಿತು. ಮೇಲೆ ಹಾಸಿಗೆ ಹೊದಿಸಿದೆ, ಹಾಸಿಗೆಯಿಂದ ಹೊರಟಿತು. ಎಲ್ಲ ಹೇಳಿ ಮುಗಿಸಿಯೇ ಅದು ಸುಮ್ಮನಾಯಿತು. ಆಮೇಲೆ ವಠಾರದಲ್ಲಿ ಉಂಟಾಯಿತು ನೋಡಿ ಮೌನ, ಅದನ್ನು ರೆಕಾರ್ಡ್ ಮಾಡಬೇಕಾಗಿತ್ತು. ಹೊರಗೆ ಪದ್ಮಾವತಿ ಬಟ್ಟೆ ಒಗೆಯುತ್ತಿದ್ದದ್ದು ಕೂಡ ನಿಂತಿತ್ತು.

ಅದೇ ಹೊತ್ತಿಗೆ ಕರೆಂಟು ಹೋಯಿತು. ಕರೆಂಟೇ ಇಲ್ಲದ ಮೇಲೆ ಆರಿಸುವುದೇನು ಎಂದು, ಚಪ್ಪಲಿ ಮೆಟ್ಟಿ, ಬೀಗ ಹಾಕಿ, ಯಾರ ಮುಖವನ್ನೂ ನೋಡದೆ ಹೊರಬಿದ್ದೆ.

ಕಾಲು ಎಳೆದತ್ತ ನಡೆದು ಕೃಷ್ಣರಾಜ ಮಾರುಕಟ್ಟೆ ತಲುಪಿದೆ. ಮುಖ ಮರೆಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಅಲ್ಲಿ ಎಲ್ಲರೂ ಕೂಗುತ್ತಿರುತ್ತಾರೆ, ಯಾರೂ ನಿಮ್ಮನ್ನು ಕೂಗುತ್ತಿರುವುದಿಲ್ಲ. ಹೂವಿನ ರಾಶಿಗಳ ನಡುವೆ, ತಲೆಹೊರೆಯವರ ಕೈಯಲ್ಲಿ ಬೈಸಿಕೊಳ್ಳುತ್ತ ಅಲೆದೆ. ಸೌತೆಕಾಯಿಯವನು ಮನೆಯಲ್ಲಿ ಎಷ್ಟು ಜನ ಎಂದು ಕೇಳಿದ. ಇಷ್ಟು ದಿನವೂ ಒಬ್ಬನೇ ಎಂದು ಹೇಳುತ್ತಿದ್ದವನು ಆವತ್ತು ಯಾಕೋ ಐದು ಜನ ಎಂದುಬಿಟ್ಟೆ. ಅವನು ಚೀಲ ತುಂಬ ಸುರಿದ. ಹೊತ್ತು ಇಳಿಯುವ ತನಕ ಆ ಐದು ಜನರ ಸೌತೆಕಾಯಿ ಹೊತ್ತುಕೊಂಡು ತಿರುಗಿದೆ.

ಮನೆಯ ಕಡೆ ಬಂದೆ. ನಲ್ಲಿಯ ಹತ್ತಿರ ಪದ್ಮಾವತಿ ನನ್ನ ಚೀಲವನ್ನು ನೋಡಿ, ದಿನಾ ಅನ್ನ ಮಜ್ಜಿಗೆ ಉಂಡರೆ ಮೈಯಲ್ಲಿ ಶಕ್ತಿ ಹೇಗೆ ಬರಬೇಕು, ಇವತ್ತಾದರೂ ತರಕಾರಿ ತಂದಿರಲ್ಲ, ಒಳ್ಳೆಯದಾಯಿತು ಎಂದಳು. ಒಂದೇ ಸಲ ಕೇಳಿ ಇಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿದ್ದಾಳಲ್ಲ ಎಂದು ಆಶ್ಚರ್ಯಪಡುತ್ತ ಬಾಗಿಲಿಗೆ ಬಂದರೆ, ಬೀಗ ಹಾಕಿದ ಮನೆಯೊಳಗಿನಿಂದ ಮಾತು ಕೇಳುತ್ತಿದೆ. “ನಾಮಕರಣಕ್ಕೆ ಕರೀತಾರೆ ಅಂತೀಯಾ?” ಸ್ವಿಚ್ಚು ಆರಿಸದೆ ಹೋಗಿದ್ದೆನಲ್ಲ, ಬೆಳಗಿನಿಂದ ಕರೆಂಟು ಬಂದಾಗಲೆಲ್ಲ ನನ್ನ ಕಂಪ್ಯೂಟರು ಎದ್ದು ಕುಳಿತು ನನ್ನ ಅಂತರಂಗವನ್ನು ವಠಾರಕ್ಕೆ ಒಪ್ಪಿಸುತ್ತಿತ್ತು. ಆವತ್ತೇ ಕರೆಂಟು ಹೋಗಿ ಬಂದು ಮಾಡಿದ್ದು ಹೆಚ್ಚಂತೆ. ಯಾರೂ ಬೀಗ ಒಡೆಯಲಿಲ್ಲ, ಪುಣ್ಯಾತ್ಮರು.

ಬೀಗದ ಕೈ ಹಿಡಿದುಕೊಂಡು ನನ್ನ ಬಾಗಿಲಲ್ಲಿ ನಾನೇ ಹೊರಗಿನವನ ಹಾಗೆ ನಿಂತು ಕೇಳಿದೆ. ಒಳಗೆ ಮಾತಾಡುತ್ತಿದ್ದವನು ಯಾರೋ ದಿಕ್ಕಿಲ್ಲದವನು, ಪಾಪ, ಅವನನ್ನು ಯಾರಾದರೂ ಕರೆಯಬಾರದೇ ಎನ್ನಿಸಿತು. ಬೀಗ ತೆರೆಯುವಷ್ಟರಲ್ಲಿ ಅವನು ಷರ್ಟು ಇಸ್ತ್ರಿ ಮಾಡಿಸುವ ತನಕ ಬಂದಿದ್ದ.

ಒಳಗೆ ಹೋದವನೇ ಹಿರಿಯರ ಬೋಧನೆಯನ್ನೆಲ್ಲ ಗಾಳಿಗೆ ತೂರಿ, ಗಿರಿ ಹೇಳಿದ ಹಾಗೆ ‘ಯಾವುದೂ ಇಲ್ಲ’ ಎಂಬುದನ್ನೇ ಒತ್ತಿದೆ. ಆರಿಸಿ ಮತ್ತೆ ಹಚ್ಚಿದೆ. ಕಂಪ್ಯೂಟರು ತುಟಿಪಿಟಕ್ಕೆನ್ನದೆ ಎದ್ದಿತು. ಏನೂ ಉದುರಲಿಲ್ಲ. ವಧೂವರರೆಲ್ಲ ಇದ್ದಲ್ಲೇ ಸುಖವಾಗಿದ್ದರು. ಇಷ್ಟೇ ಕೆಲಸ!

ದೀಪ ಹಚ್ಚುವ ಹೊತ್ತಿಗೆ ಜಾನಕಮ್ಮನವರು ಬಂದರು. ಕೈಯಲ್ಲಿ ಕುಂಕುಮದ ಭರಣಿ, ತಟ್ಟೆಯಲ್ಲಿ ಅಕ್ಷತೆ. ನಾನು ತಲೆ ಎತ್ತಲಿಲ್ಲ.

“ಗುರುವಾರ ಬೆಳಿಗ್ಗೆ ಮಗೂನ ತೊಟ್ಟಿಲಿಗೆ ಹಾಕ್ತೀವಿ. ಬರ್ಬೇಕು ನೀವು” ಎಂದರು.

ಬರುತ್ತೇನೆ ಎಂದು ಸುಮ್ಮನಾಗಬೇಕಿತ್ತು. ಆದರೆ ಆವತ್ತು ನನ್ನ ಬಾಯಿಗೆ ಏನಾಗಿತ್ತೋ. “ಅದನ್ನ ಕೇಳಿಸ್ಕೊಳ್ದೆ ಇದ್ದಿದ್ರೂ ಕರೀತಿದ್ರಾ ಜಾನಕಮ್ಮ?” ಎಂದು ಕೇಳಿಯೇಬಿಟ್ಟೆ.

ಅವರು ಕಂಪ್ಯೂಟರಿನ ಕಡೆ ಒಮ್ಮೆ ನೋಡಿದರು. “ಮನೆಯವ್ರನ್ನ ಯಾರಾದ್ರೂ ಕರೀತಾರೇನ್ರೀ? ಹೊರಗಿನವ್ರನ್ನೆಲ್ಲ ಮುಗಿಸ್ಕೊಂಡು ಹೇಳಿದ್ರಾಯ್ತು ಅಂತ ಇದ್ದೆ” ಎಂದು, ಅಕ್ಷತೆ ಕೊಟ್ಟು, ಸೌತೆಕಾಯಿಯ ಚೀಲವನ್ನು ನೋಡಿ ಇಷ್ಟನ್ನೂ ಏನು ಮಾಡುತ್ತೀರಿ ಎಂದು ಅರ್ಧ ಎತ್ತಿಕೊಂಡು ಹೋದರು. ಅವರು ಹೇಳಿದ್ದು ನಿಜವೋ, ನನ್ನ ಮನಸ್ಸು ನೋಯದಿರಲಿ ಎಂದು ಹೇಳಿದ್ದೋ ಇವತ್ತಿಗೂ ನನಗೆ ಗೊತ್ತಿಲ್ಲ. ನಿಜ ಎಂದೇ ಇಟ್ಟುಕೊಂಡಿದ್ದೇನೆ. ಎರಡೇ ದಿನದಲ್ಲಿ ಪದ್ಮಾವತಿಯೂ ಮುಂದಿನ ತಿಂಗಳ ಸತ್ಯನಾರಾಯಣ ಪೂಜೆಗೆ ಈಗಲೇ ಕರೆದಳು. ಮೇಲಿನ ಮನೆಯವರು ಇನ್ನೂ ಗಂಡು ಗೊತ್ತಾಗದ ಮಗಳ ಮದುವೆಗೆ ಕರೆದರು. ನಂಜುಂಡಣ್ಣನನ್ನು ಕರೆಯದೆ ಬಿಟ್ಟರೆ ಕಂಪ್ಯೂಟರಿಗೆ ಹೇಳಿಬಿಡುತ್ತಾರೆ ಎಂಬ ಭಯ ವಠಾರದಲ್ಲಿ ಹಬ್ಬಿತ್ತು.

ಗುರುವಾರ ಹೋದೆ. ಹೂವಿನ ತೊಟ್ಟಿಲು, ಬಿನ್ನಿಪೇಟೆಯಿಂದ ಬಂದ ಬೀಗರು, ಕೋಣೆ ತುಂಬ ಜನ. ಗದ್ದಲಕ್ಕೆ ಹೆದರಿ ಮಗು ಒಂದೇ ಸಮನೆ ಅಳುತ್ತಿತ್ತು. ಅಜ್ಜಿ ಎತ್ತಿಕೊಂಡರು, ಅತ್ತೆ ಎತ್ತಿಕೊಂಡರು, ಸೋದರಮಾವ ಚಿಟಿಕೆ ಹೊಡೆದು ಕುಣಿದ. ಊಹೂಂ. ಆಗ ಸುಮಾ ನನ್ನ ಕಡೆ ನೋಡಿ, “ನಂಜುಂಡಣ್ಣನ ಕೈಗೆ ಕೊಡಮ್ಮ. ಆವತ್ತು ಅವ್ರ ಕಂಪ್ಯೂಟರ್ ಮಾತಾಡ್ತಿದ್ದಾಗೆಲ್ಲ ಮಗು ಕಮಕ್ ಕಿಮಕ್ ಅನ್ಲಿಲ್ಲ” ಎಂದಳು. ಬೇಡ ಬೇಡ ಎನ್ನುವಷ್ಟರಲ್ಲಿ ಜಾನಕಮ್ಮನವರು ಮಗುವನ್ನು ನನ್ನ ತೋಳಿನಲ್ಲಿಟ್ಟು, ಏನಾದರೂ ಮಾತಾಡಿ ಎಂದರು. ಏನು ಮಾತಾಡುವುದು? ವರ್ಷಗಟ್ಟಲೆ ಗೋಡೆಯ ಜೊತೆ ಮಾತಾಡಿದ ಬಾಯಿ, ಎದುರಿಗೆ ಜನ ಬಂದರೆ ಬೀಗ ಹಾಕಿಕೊಂಡಿತು. ಬೀಗರೆಲ್ಲ ನನ್ನನ್ನೇ ನೋಡುತ್ತಿದ್ದರು. ಕೊನೆಗೆ ಮಗುವಿನ ಕಿವಿಯ ಹತ್ತಿರ ಬಗ್ಗಿ, ಊಟಕ್ಕೇನು ಮಾಡಿದ್ದೀರಿ, ನಮ್ಮನೆಯಲ್ಲಿ ಸೌತೆಕಾಯಿ ಹುಳಿ, ನಿನ್ನೆಯೂ ಅದೇ, ನಾಳೆಯೂ ಅದೇ ಇರಬಹುದು ಎಂದು ಶುರುಮಾಡಿದೆ.

‘ನಾಳೆಯೂ ಅದೇ’ ಎನ್ನುವಷ್ಟರಲ್ಲಿ ಮಗು ಆಕಳಿಸಿ ನಿದ್ದೆಹೋಯಿತು. ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ನನ್ನ ಮಾತು ಇಷ್ಟು ಬೇಗ ನಿದ್ದೆ ತರಿಸುತ್ತದೆ ಎಂದು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಹೇಳಲು ಯಾರೂ ಇರಲಿಲ್ಲ.